ವಾಕ್ಯದ ತುದಿಗೆ ಬರುವ ಮಾತು

ಗ್ರಿಮ್ಸ್‌ಬಿಯಲ್ಲಿ ಗುರುವಾರ, ಸಂಜೆ ಏಳು.
ಹಳೇ ಬಲೆ-ಗೋದಾಮಿನ ಮೇಲಿನ ಕೋಣೆ.
ಹೀಟರ್ ಕೆಮ್ಮಿ ಕೆಮ್ಮಿ ಬಿಸಿಯಾಗುವಷ್ಟರಲ್ಲಿ
ಅರ್ಧ ಪಾಠ ಮುಗಿದಿರುತ್ತದೆ.
ಕಾರ್ಖಾನೆಯಿಂದ ನೇರ ಬಂದವರು ಎಲ್ಲರೂ,
ಎಷ್ಟು ನಿಂಬೆ ತಿಕ್ಕಿದರೂ ಬೆರಳಲ್ಲಿ ಹ್ಯಾಡಕ್ ಮೀನಿನ ವಾಸನೆ,
ನೋಟ್‌ಬುಕ್ಕಿನ ಹಾಳೆಗೂ ಅದೇ.
ತಿದ್ದಲು ಮನೆಗೊಯ್ದರೆ ನನ್ನ ಬೆಕ್ಕು
ಎಲ್ಲರ ವ್ಯಾಕರಣವನ್ನೂ ಒಮ್ಮೆ ನೆಕ್ಕಿ ನೋಡುತ್ತದೆ.

ಇವತ್ತು ಬೋರ್ಡಿನ ಮೇಲೆ ಎರಡೇ ಪದ: ಫಾರ್ ಗುಡ್.
"ಒಳ್ಳೆಯದಕ್ಕೆ," ಎಂದ ಗಿಂತಾರಸ್, ಕೈಯೆತ್ತದೆ.
ಅಲ್ಲ. ಈ ಗುಡ್ಡಿನೊಳಗೆ ಒಳ್ಳೆಯದೇನೂ ಇಲ್ಲ,
ಕೆಟ್ಟದ್ದೂ ಇಲ್ಲ. ಇನ್ನು ತಿರುಗಿ ನೋಡುವುದಿಲ್ಲ, ಅಷ್ಟೆ.
ಕಾಯಂ. ಕದ ಹಾಕಿ, ಬೀಗ ಹಾಕಿ,
ಬೀಗದ ಕೈಯನ್ನೂ ಬಿಸಾಕಿದ ಹಾಗೆ.
ಕ್ರಿಯಾಪದ ಮುಗಿದ ಮೇಲೆ, ವಾಕ್ಯದ ತುದಿಗೆ ಇಡಿ.
ಉದಾಹರಣೆಗೆ, ಎಂದು ಬರೆದೆ:
ಕ್ಲಿಫ್ ಲೆಫ್ಟ್ ಫಾರ್ ಗುಡ್.
ಕ್ಲಿಫ್ ಯಾರೆಂದು ಯಾರೂ ಕೇಳಲಿಲ್ಲ.
ಉದಾಹರಣೆಗಳಿಗೆ ಮನೆ-ಮಠ ಇರುವುದಿಲ್ಲವಲ್ಲ.

ಗಿಂತಾರಸ್ ಬರೆದ: ಸಿಗರೇಟು ಬಿಟ್ಟೆ ಫಾರ್ ಗುಡ್, ಮೂರು ಸಲ.
ಮೂರು ಸಲ ಆಗದಪ್ಪ, ಒಂದೇ ಸಲ.
"ಹಾಗಿದ್ದರೆ ಲಿಥುವೇನಿಯನ್ನಿನಲ್ಲೇ ಸೇದುತ್ತೇನೆ," ಅಂದ.
ಶಿಲಾನ್ ಬರೆದಳು: ದಿನಾ ಕ್ಯಾರೆಟ್ ತಿನ್ನುತ್ತೇನೆ ಫಾರ್ ಗುಡ್.
ಕಣ್ಣಿಗೆ ಒಳ್ಳೇದಂತೆ.
ಸಾಯೋವರೆಗೂ ಕ್ಯಾರೆಟ್ಟೇನಮ್ಮ, ಅಂದೆ.
ಗಾಬರಿಬಿದ್ದು ಅಳಿಸಿದಳು.

ಎರಿಟ್ರಿಯಾದ ಲೆತೆಬ್ರಹನ್ ಮಾತ್ರ
ಪೆನ್ಸಿಲ್ ಕಚ್ಚುತ್ತಾ ಕೂತು ಕೂತು
ಎಲ್ಲರೂ ಕೋಟು ತೊಡುವಾಗ ಹಾಳೆ ಕೊಟ್ಟಳು, ಮಡಚಿ:
ಮೈ ಬ್ರದರ್ ವೆಂಟ್ ಇನ್ ದ ಸೀ ಫಾರ್ ಗುಡ್.

ರಾತ್ರಿ, ಅಡುಗೆಮನೆಯ ಮೇಜು, ಕೆಂಪು ಪೆನ್ನು.
ಈ ಊರಲ್ಲಿ ಸಮುದ್ರಕ್ಕೆ ಹೋದ ಅನ್ನುವುದಕ್ಕೆ ಎರಡು ಅರ್ಥ.
ಎರಡನೆಯದನ್ನು ಚರ್ಚಿನ ಹಿತ್ತಾಳೆ ಫಲಕದಲ್ಲಿ ಕೆತ್ತುತ್ತಾರೆ.
ನನ್ನ ಸೋದರಮಾವನದು ಎಡಗಡೆ,
ಮೇಲಿನಿಂದ ಹನ್ನೊಂದನೆಯ ಸಾಲು.
ಬೆಕ್ಕು ಕೂಡ ಆ ಹಾಳೆಯ ತಂಟೆಗೆ ಬರಲಿಲ್ಲ.
ಇನ್ ಅನ್ನುವುದಕ್ಕೆ ಟು ಸೇರಿಸಿದೆ: ಇನ್‌ಟು.
ಫಾರ್ ಗುಡ್ ತನ್ನ ಜಾಗದಲ್ಲೇ ಇತ್ತು,
ಪೂರ್ಣವಿರಾಮಕ್ಕೆ ಬೆನ್ನು ಕೊಟ್ಟು.
ತಪ್ಪು ಹುಡುಕಿದೆ. ಸಿಗಲಿಲ್ಲ.
ಸರಿ ಗುರುತು ಹಾಕಿದೆ, ಆದಷ್ಟು ಚಿಕ್ಕದು.
ಹತ್ತಕ್ಕೆ ಒಂಬತ್ತು.

ಮುಂದಿನ ಗುರುವಾರ ಬಿಸ್ಕತ್ತು ಒಯ್ದೆ,
ಅವಳಿಗೇ ಮೊದಲು ಕೊಟ್ಟೆ, ಎರಡು.
"ಇನ್‌ಟು ಅಂದರೆ ಒಳಗೆ?" ಕೇಳಿದಳು.
ಹೌದು.
"ಒಳಗಲ್ಲ. ಹೀಗೆ," ಎಂದು
ಮೇಜಿನ ಈ ಅಂಚಿನಿಂದ ಆ ಅಂಚಿಗೆ
ಬಿಸ್ಕತ್ತನ್ನು ಸರ್ರನೆ ಜಾರಿಸಿದಳು.
"ಅಣ್ಣ ಪಲೆರ್ಮೋದಲ್ಲಿದ್ದಾನೆ, ಬೇಕರಿಯಲ್ಲಿ.
ನಿನ್ನೆ ಫೋನಿನಲ್ಲಿ ಬೈದ, ದುಡ್ಡು ಕಳಿಸಿಲ್ಲವೆಂದು.
ಒಳ್ಳೆಯದಕ್ಕೇ ಹೋದ. ಹಾಗೇ ಅಲ್ಲವಾ ನಾನು ಬರೆದದ್ದು?"

ಹಾಗಿದ್ದರೆ ತಪ್ಪು! ಅಂದೆ.
ನನ್ನ ದನಿಗೆ ಹೀಟರು ಕೂಡ ಕೆಮ್ಮು ನುಂಗಿತು.
ಇನ್‌ಟು ತಪ್ಪು, ಫಾರ್ ಗುಡ್ ತಪ್ಪು,
ಇಡೀ ವಾಕ್ಯ ಬುಡಮೇಲು ತಪ್ಪು, ಕಣಮ್ಮ!
ಆ ಚಿಕ್ಕ ಸರಿ ಗುರುತಿನ ಮೇಲೆ
ಹಾಳೆ ಹರಿಯುವ ಹಾಗೆ ಕತ್ತರಿ ಗೀಟು ಎಳೆದೆ.
ಇಪ್ಪತ್ತಾರು ವರ್ಷದಲ್ಲಿ ಯಾವ ತಪ್ಪಿಗೂ
ಇಷ್ಟು ಧಾರಾಳವಾಗಿ ಶಾಯಿ ಸುರಿದವಳಲ್ಲ ನಾನು.

ಅವಳಿಗೆ ಸಿಟ್ಟು. ಒಂಬತ್ತು ಇದ್ದದ್ದು ಏಳಾಯಿತಲ್ಲ.
ಹಾಳೆ ಮಡಚುತ್ತಾ, ಹೋದ ವಾರದ ಬೋರ್ಡು ಮರೆಯದವಳು:
"ಮತ್ತೆ ಆ ಕ್ಲಿಫ್? ಅವನು ಹೋದದ್ದು ಯಾವ ಗುಡ್?"
ನಿನ್ನದೂ ಹೌದು, ನನ್ನದೂ ಹೌದು, ಅಂದೆ.
ಶಿಲಾನ್, ಆ ಕಿಟಕಿ ಸ್ವಲ್ಪ ಮುಚ್ಚಮ್ಮ.
ಪುಟ ನಲವತ್ತೊಂದು.