ಹಿಡಿಕೆ

ಮಾರ್ಚ್ ಮೂವತ್ತೊಂದು, ರಾತ್ರಿ ಒಂಬತ್ತು.
ಸ್ಕಾಟ್ಲೆಂಡಿನ ಗ್ರೀನಕ್, ನದಿದಂಡೆಯ ಹಳೇ ಸಕ್ಕರೆ ಗೋದಾಮು,
ಎರಡನೇ ಮಹಡಿ.
ಭಟ್ಟಿಯ ಪಕ್ಕ ಕೂತು ವರ್ಷದ ವರದಿ ತುಂಬುತ್ತಿದ್ದೇನೆ.
ನಿರ್ದೇಶಕಿಗೆಂದು ಒಂದು ಕೋಣೆ ಇದೆ, ನಿಜ;
ಅಲ್ಲಿ ಈಗ ಡಗಲ್ ಮಲಗಿದ್ದಾನೆ, ಶೂ ಸಮೇತ.
ಬೆಚ್ಚಗಿರುವುದೂ ಇಲ್ಲೇ.
ಭಟ್ಟಿ ಎಂದರೆ ನಮ್ಮಲ್ಲಿ ಅರ್ಧ ಜನ
ಬೇರೇನನ್ನೋ ನೆನೆದು ನಗುತ್ತಾರೆ.
ಇದು ಇಳಿಸುವುದಲ್ಲ, ಸುಡುವುದು.

ಒಂದನೇ ಕಲಂ: ಫಲಾನುಭವಿಗಳ ಸಂಖ್ಯೆ.
ಇನ್ನೂರ ಹದಿನಾಲ್ಕು, ಬರೆದೆ.
ಬರೀ ಚಹಾಕ್ಕೆ ಬಂದವರನ್ನೂ ಸೇರಿಸಿದೆ,
ಕುಂಚ ಕದ್ದವನನ್ನೂ.
ಮಧ್ಯಾಹ್ನ ಖಜಾಂಚಿ ಕ್ರಾಫರ್ಡ್ ಕನ್ನಡಕ ಏರಿಸಿ,
"ಸೆಂಗಾ, ಇವನೊಬ್ಬನನ್ನು ಎರಡು ಸಲ ಎಣಿಸಿದ್ದೀಯ" ಎಂದರು.
ಹೌದು, ಅವನು ಎರಡು ಸಲ ಬಂದ.
ನಡುವೆ ಒಮ್ಮೆ, ಮೆಟ್ಟಿಲ ಮೇಲೆ, ತುಟಿ ನೀಲಿಗಟ್ಟಿ,
ನಾಲ್ಕು ನಿಮಿಷ ಇರಲಿಲ್ಲ.
ಮೂಗಿಗೆ ಹೊಡೆಯುವ ಆ ಔಷಧಿಯನ್ನು
ಮೆರುಗಿನ ಡಬ್ಬಗಳ ಸಾಲಿನಲ್ಲೇ ಇಡುತ್ತೇವೆ:
ಕೋಬಾಲ್ಟ್ ನೀಲಿ, ತವರದ ಬಿಳಿ, ಉಸಿರು.

ಎರಡನೇ ಕಲಂ: ಒಂದು ಯಶೋಗಾಥೆ. ಫೋಟೋ ಇರಲಿ. ಮನ ಮುಟ್ಟುವಂತಿರಲಿ.
ಹನ್ನೊಂದು ವರ್ಷ ನನ್ನದನ್ನೇ ಮಾರಿದೆ.
ಹೋಟೆಲಿನ ಹಾಲುಗಳಲ್ಲಿ, ಕುರಿಮಾಂಸದ ತಟ್ಟೆಗಳ ನಡುವೆ ಎದ್ದು ನಿಂತು
ಮಗಳ ಏಳನೇ ಹುಟ್ಟುಹಬ್ಬದ ದಿನ
ಬಚ್ಚಲ ಬಾಗಿಲು ಒಳಗಿಂದ ಹಾಕಿಕೊಂಡದ್ದು,
ಹೊರಗೆ ಮೇಣದಬತ್ತಿ ತಾನೇ ಉರಿದು ಮುಗಿದದ್ದು.
ಎಲ್ಲಿ ಗಂಟಲು ಕಟ್ಟಿದರೆ ಚೆಕ್ಕು ದೊಡ್ಡದಾಗುತ್ತದೆ
ಎಂಬುದು ನನಗೆ ಬಾಯಿಪಾಠ.
ಆ ದುಡ್ಡಿನಲ್ಲೇ ಈ ಭಟ್ಟಿ ಬಂತು, ಅದನ್ನೂ ಹೇಳಬೇಕು.
ಮಗಳು ಈಗ ಆ ಕಥೆ ಸಾಕೆಂದಿದ್ದಾಳೆ.
"ನಿನ್ನದೆಲ್ಲ ಮಾರಿಕೋ ಅಮ್ಮ. ಆ ಕೇಕು ನನ್ನದು."

ಮೂರು: ಬಿಟ್ಟವರು ಎಷ್ಟು ಮಂದಿ?
ಏನನ್ನು, ಎಂದು ಕೇಳಿಲ್ಲ.
ಕುಡಿತ ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು,
ಹೆಂಡತಿ ಬಿಟ್ಟವರು, ಹೆಂಡತಿಯೇ ಬಿಟ್ಟವರು,
ಇಲ್ಲಿಗೆ ಬರುವುದನ್ನೇ ಬಿಟ್ಟವರು,
ಹಸಿ ಮಣ್ಣಲ್ಲಿ ಹೆಸರು ಕೊರೆದು
ಬಟ್ಟಲನ್ನು ಕಪಾಟಿನಲ್ಲಿ ಬಿಟ್ಟು
ಜನವರಿಯಲ್ಲಿ ನಮ್ಮನ್ನೇ ಬಿಟ್ಟವರು.
ಗೋಡೆಯ ಮೇಲಿನ ನಿಯಮ ನನ್ನದೇ ಕೈಬರಹ:
ಆರು ತಿಂಗಳು ಯಾರೂ ಕೇಳದ ಪಾತ್ರೆ ಎಸೆಯಲಾಗುವುದು.
ಕಪಾಟುಗಳು ಈಗ ನಾಲ್ಕಾಗಿವೆ.
ಐದನೆಯದಕ್ಕೆ ಬಜೆಟ್ಟಿನಲ್ಲಿ "ಇತರೆ" ಎಂದು ತೋರಿಸಿದ್ದೇನೆ.

ಮುಂಗೋ ಒಬ್ಬನಿದ್ದಾನೆ. ಹಡಗುಕಟ್ಟೆಯ ಬೆಸುಗೆಗಾರ,
ಕಟ್ಟೆ ಮುಚ್ಚಿ ಎಷ್ಟೋ ಕಾಲವಾದರೂ ಹಾಗೇ ಹೇಳಿಕೊಳ್ಳುತ್ತಾನೆ.
ಮೂರು ವರ್ಷದಿಂದ ಲೋಟ ಮಾಡುತ್ತಾನೆ, ಒಂದಕ್ಕೂ ಹಿಡಿಕೆ ಇಲ್ಲ.
ಯಾಕೋ, ಎಂದು ಒಮ್ಮೆ ಕೇಳಿದೆ.
"ಹಿಡಿಕೆ ಇದ್ದರೆ ಒಂದೇ ಕೈ ಸಾಕಾಗುತ್ತದೆ.
ಇಲ್ಲದಿದ್ದರೆ ಎರಡೂ ಬೇಕು.
ನಡುಗುವ ಕೈಗಳು, ಒಂದನ್ನೊಂದು ಹಿಡಿದುಕೊಳ್ಳುತ್ತವೆ."
ಮೊನ್ನೆ ಗುರುವಾರ, ಯಾರೂ ಕೇಳದೆ,
ಒಂದಕ್ಕೆ ಹಿಡಿಕೆ ಅಂಟಿಸಿದ. ಸೊಟ್ಟಗೆ, ಕಿವಿಯ ಹಾಗೆ.
ನಾನು ಹೊಗಳಲಿಲ್ಲ. ಹೊಗಳಿದರೆ ಕಿತ್ತುಬಿಡುವವನು.
ಅದು ಈಗ ಒಳಗಿದೆ.
ಮುಳ್ಳು ಇನ್ನೂ ಮುನ್ನೂರ ನಲವತ್ತು ಡಿಗ್ರಿಯಲ್ಲಿದೆ;
ಅವಸರಕ್ಕೆ ಬಾಗಿಲು ತೆಗೆದರೆ ಗಾಳಿ ತಾಕಿ
ಎಲ್ಲ ಸೀಳಿಹೋಗುತ್ತದೆ.

ವರದಿಯ ಗಡುವು ಹನ್ನೆರಡು ಗಂಟೆ.
ಮೂರನೇ ಕಲಂ ಖಾಲಿ ಬಿಟ್ಟರೆ ಯಂತ್ರ ಮುಂದೆ ಬಿಡುವುದಿಲ್ಲ,
ಅಂಕಿ ಬೇಕಂತೆ ಅದಕ್ಕೆ.
ಕಣ್ಣುಜ್ಜುತ್ತ ಡಗಲ್ ಎದ್ದು ಬಂದ.
"ಇನ್ನೂ ಇದ್ದೀಯಾ?"
ಇದ್ದೇನೆ.
"ಹಾಲು?"
ಅದೂ ಇದೆ, ಕಿಟಕಿಯ ಹೊರಗೆ, ತಣ್ಣಗೆ.
ಕಪಾಟಿನತ್ತ ಹೋದ,
ಯಾವ ಲೋಟ ತೆಗೆದುಕೊಳ್ಳಲಿ ಎಂದು
ಹೆಸರುಗಳನ್ನು ಓದುತ್ತ ನಿಂತ.