ಸೊನ್ನೆಯಿಂದ ನಾಲ್ಕು

ಹಾಸನದ ದೊಡ್ಡಾಸ್ಪತ್ರೆ, ಹದಿನೇಳನೇ ನಂಬರು ಕೋಣೆ.
ತಸ್ನೀಮ್ ಮೇಡಂ ಕೈಯಲ್ಲಿ ಹಾಳೆ, ಹತ್ತು ಪ್ರಶ್ನೆ,
ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ.
'ಪರೀಕ್ಷೆ ಅಲ್ಲ ಕಣಮ್ಮ, ಬರೀ ಅಳತೆ' ಅಂದರು.

ಅಳತೆ ನನಗೆ ಹೊಸದೇ?
ಹೊಳೆನರಸೀಪುರದಾಚೆ ನಮ್ಮೂರ ಶಾಲೆ,
ಅರವತ್ತೆರಡು ತಟ್ಟೆ, ತಲೆಗೆ ನೂರು ಗ್ರಾಂ ಅಕ್ಕಿ,
ಉಪ್ಪು ಮಾತ್ರ ಕೈಯಂದಾಜು.

'ದಿನಕ್ಕೆ ಎಷ್ಟು ಹೊತ್ತು ಈ ಯೋಚನೆ?'
ಹೇಗೆ ಹೇಳಲಿ. ಶಾಲೆಯಿಂದ ಮನೆಗೆ ಏಳು ನಿಮಿಷದ ದಾರಿ.
ಗ್ಯಾಸಿನ ಗುಬಟು ತಿರುಗಿಸಿ, ಮೂಸಿ, ಬೀಗ ಹಾಕಿ
ಹಾಲಿನ ಡೈರಿವರೆಗೆ ಬಂದು ಹಿಂದಕ್ಕೆ,
ನಂಜಯ್ಯನ ಅಂಗಡಿವರೆಗೆ ಬಂದು ಹಿಂದಕ್ಕೆ,
ಹೊಸಿಲ ಮೇಲೆ ಒಂದು ಕಾಲಿಟ್ಟು ಹಿಂದಕ್ಕೆ.
ಮಕ್ಕಳು ಆಗಲೇ ಮನೆ ಸೇರಿರುತ್ತವೆ, ಗೊತ್ತು.
ಗೊತ್ತಿದ್ದೂ.
'ಮೂರು ಗಂಟೆ ಮೀರುತ್ತಾ?'
'ಭಾನುವಾರ ಸೇರಿಸಬೇಕಾ?' ಅಂದೆ.
ಪೆನ್ನು ಗಳಿಗೆ ನಿಂತು, ಮೂರು ಬರೆಯಿತು.

'ತಡೆಯೋಕೆ ಎಷ್ಟು ಪ್ರಯತ್ನ ಮಾಡ್ತೀರಿ?'
ಧಾರೆಯ ಹೊತ್ತಲ್ಲಿ ಕೆಮ್ಮು ತಡೆದ ಹಾಗೆ,
ಸೆರಗಿನ ತುದಿ ಕಚ್ಚಿಕೊಂಡು.

'ಕೆಲಸಕ್ಕೆ ತೊಂದರೆ?'
ತೊಂದರೆಯೇ! ಹೋದ ವರ್ಷ ಬಿಇಒ ಸಾಹೇಬರು
ತಾಲ್ಲೂಕಿಗೇ ಎಚ್ಚರದ ಅಡುಗೆಯವಳು ಅಂತ
ಸ್ಟೀಲ್ ಕೊಡ ಕೊಟ್ಟು ಚಪ್ಪಾಳೆ ಹೊಡೆಸಿದರು.
ಆ ಕೊಡಕ್ಕೆ ಎಷ್ಟು ಅಂಕ ಕಳೆಯುತ್ತೀರಿ ಮೇಡಂ?
ಅವರು ನಗಲಿಲ್ಲ. ಅದು ಹಿಡಿಸಿತು.

ಕೂಡಿದರೆ ನಲವತ್ತಕ್ಕೆ ಇಪ್ಪತ್ತೇಳು.
ಮಗ ಗಣಿತದಲ್ಲಿ ಎಂದೂ ಅಷ್ಟು ತಂದವನಲ್ಲ.
ಗಾಳಿ ಅಂದಿದ್ದರು, ದಿಗಿಲು ಅಂದಿದ್ದರು,
ಕೊಬ್ಬು ಅಂದಿದ್ದ ಗಂಡ.
ಇಪ್ಪತ್ತೇಳು ಅಂದವರು ಇವರೊಬ್ಬರೇ.

ರಾತ್ರಿಗೆ ಮಾತ್ರೆ. ಹಗಲಿಗೆ,
ಒಂದೇ ಸಲ ತಿರುಗಿಸಿ ನಡೆದುಬಿಡುವ ಪಾಠ.
ಸಂಕ್ರಾಂತಿ ಕಳೆದು ಮತ್ತೆ ಅದೇ ಹಾಳೆ. ಹತ್ತೊಂಬತ್ತು.
ಎಂಟು ಎಲ್ಲಿ ಹೋಯಿತು?
ಡೈರಿ ದಾಟಿ, ಅಂಗಡಿ ದಾಟಿ,
ಎದೆ ಡವಡವ ಅನ್ನುತ್ತಿದ್ದರೂ ತಿರುಗದೆ ಮನೆ ಸೇರಿ
ಚಪ್ಪಲಿ ಬಿಚ್ಚದೆ ಹೊಸಿಲಲ್ಲೇ ಕೂತು
ಮೊರದ ತುಂಬ ರಾಗಿ ಕೇರಿದ ಸಂಜೆ,
ಅದಕ್ಕೆಷ್ಟು? ಒಂದೂವರೆಯೆ?

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿ ಸೀಟು ಸಿಕ್ಕಿತು.
ಆರನೆಯದಕ್ಕೆ ಎರಡು ಅಂದೆನೋ ಮೂರು ಅಂದೆನೋ.
ಇಳಿದು ಹೋಗಿ ಕೇಳಿ ಬಂದರೆ ಹತ್ತು ನಿಮಿಷ.
ಕಂಡಕ್ಟರ್ ರೈಟ್ ಅಂದ.
ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದೇನೆ,
ಕುದಿವ ಸಾರಿನ ಪಾತ್ರೆ ತೊಡೆ ಮೇಲಿಟ್ಟುಕೊಂಡವಳ ಹಾಗೆ.