ಕೈ ಹಿಡಿಯದೆ ನಿಲ್ಲುವುದು

ಇಪ್ಪತ್ತೊಂಬತ್ತು ವರ್ಷ ನಿಂತವನು ನಾನು,
ಸ್ಟೇಟ್‌ಬ್ಯಾಂಕಿನಿಂದ ತಲಪಾಡಿ, ತಲಪಾಡಿಯಿಂದ ಸ್ಟೇಟ್‌ಬ್ಯಾಂಕ್,
ದಿನಕ್ಕೆ ಆರು ಟ್ರಿಪ್ಪು.
ಈಗ ಅರುವತ್ತೆರಡರಲ್ಲಿ
ನಿಲ್ಲುವುದು ಹೇಗೆಂದು ಹೇಳಿಕೊಡುತ್ತಿದ್ದಾಳೆ
ನನ್ನ ಮಗಳಿಗಿಂತ ಸಣ್ಣವಳು.

ಬೆಳಗ್ಗೆ ಐದೂಮುಕ್ಕಾಲು, ಜೆಪ್ಪುವಿನ ಶಾಲೆ,
ಬೆಂಚುಗಳನ್ನು ಗೋಡೆಗೊತ್ತಿದ ಏಳನೇ ಕ್ಲಾಸು.
ಕರಿಹಲಗೆಯಲ್ಲಿ ನಿನ್ನೆಯ ಲಸಾಅ ಯಾರೂ ಒರೆಸಿಲ್ಲ.
ಲವೀನಾ ಟೀಚರ್, ಆದಿತ್ಯವಾರ ಇಗರ್ಜಿಯಲ್ಲಿ ಹಾಡುವವಳು,
"ಪಾದ ಜೋಡಿಸಿ, ತಾಡಾಸನ" ಎಂದಳು.
ತಾಡ ಅಂದರೆ ತಾಳೆಮರವೂ ಹೌದಂತೆ.
ನನಗೆ ಅಜ್ಜ ನೆನಪಾದರು:
ಮೂರ್ತೆಗೆ ಹತ್ತಿ, ತುದಿಯ ಗಾಳಿಯಲ್ಲಿ
ತೊಡೆಯಿಂದ ಮರವನ್ನಪ್ಪಿ, ಎರಡೂ ಕೈ ಬಿಟ್ಟು
ಕತ್ತಿ ಮಸೆಯುತ್ತಿದ್ದರು.
ಅದನ್ನು ಯಾರೂ ಆಸನ ಎನ್ನಲಿಲ್ಲ.
ಶೇಂದಿ ಎಂದರು. ಕುಡಿದರು. ಹೋದರು.

ನನ್ನ ಹೆಸರು ಜಾರಪ್ಪ. ಹೆಸರಲ್ಲಿ ಬಿಟ್ಟರೆ
ಇನ್ನೆಲ್ಲೂ ಜಾರಿದವನಲ್ಲ.
ಪಂಪ್‌ವೆಲ್ಲಿನ ತಿರುವಿಗೆ ಡ್ರೈವರ್ ಹಮೀದ್ ಸ್ಟಿಯರಿಂಗ್ ಒಗೆದಾಗ
ಕಂಬ ಹಿಡಿದವರೂ ಮುಗ್ಗರಿಸುತ್ತಿದ್ದರು;
ನಾನು ಬೆರಳ ಸಂದಿಯಲ್ಲಿ ನೋಟು ಮಡಚಿ, ಟಿಕೆಟು ಹರಿದು,
ಸೊಂಟದಲ್ಲೇ ರಸ್ತೆಯನ್ನು ಓದುತ್ತ
ನೆಟ್ಟಗೆ.
ಹಾಗಾಗಿ ವೃಕ್ಷಾಸನದಲ್ಲಿ ಎಲ್ಲರೂ ಗೋಡೆ ಹುಡುಕುವಾಗ
ನಾನೊಬ್ಬನೇ ನಗುತ್ತ ಒಂಟಿಕಾಲಲ್ಲಿ.
"ಗಟ್ಟಿಯಾಗಿ ನಿಲ್ಲಬೇಡಿ ಜಾರಪ್ಪಣ್ಣ" ಎಂದಳು ಟೀಚರ್,
"ಸುಮ್ಮನೆ ನಿಲ್ಲಿ."
ಎಂತ ವ್ಯತ್ಯಾಸ ಮಾರಾಯ್ತಿ ಎನ್ನಬೇಕೆಂದಿದ್ದೆ,
ಅಷ್ಟರಲ್ಲಿ ಬಿದ್ದೆ.

ಓಡುವ ಬಸ್ಸಿನಲ್ಲಿ ಬೀಳದವನು
ನಿಂತ ನೆಲದಲ್ಲಿ ಬಿದ್ದೆ.

ಎಡಹೆಗಲು ಎರಡು ಬೆರಳು ಕೆಳಗುಂಟು ನನಗೆ.
ಚರ್ಮದ ಬ್ಯಾಗು ಇಳಿಸಿ ನಾಲ್ಕು ವರ್ಷವಾದರೂ
ಅದು ಇನ್ನೂ ಚಿಲ್ಲರೆ ಹೊತ್ತಿದೆ.

ಉಸಿರಿನ ಪಾಠ. ಒಳಗೆ ನಾಲ್ಕು, ಹೊರಗೆ ಎಂಟು.
ನನ್ನ ಉಸಿರೆಲ್ಲ ಇಷ್ಟು ವರ್ಷ ಸೀಟಿಯೊಳಗೆ ಹೋಯಿತು:
ಒಂದು ಊದಿದರೆ ನಿಲ್ಲು, ಎರಡು ಊದಿದರೆ ಪೋಯಿ ಪೋಯಿ.
ಊದದೆ ಬಿಡುವ ಉಸಿರು
ಎಲ್ಲಿಗೆ ಹೋಗುವುದೋ ತಿಳಿಯದೆ
ಮೂಗಿನ ತುದಿಯಲ್ಲೇ ನಿಂತು ನೋಡುತ್ತದೆ,
ತೊಕ್ಕೊಟ್ಟಿನಲ್ಲಿ ತಪ್ಪು ಬಸ್ಸಿನಿಂದ ಇಳಿದ ಅಜ್ಜಿಯ ಹಾಗೆ.

ಗುರುವಾರ ಆಸನವಿಲ್ಲ; ಮಾತು.
ಅಹಿಂಸೆ ಎಂದಳು, ಸತ್ಯ ಎಂದಳು. ಆಕಳಿಸಿದೆ.
ಮೂರನೆಯದು ಅಸ್ತೇಯ. ಕದಿಯದಿರುವುದು.
"ಕೊಡಬೇಕಾದ್ದನ್ನು ಕೊಡದಿರುವುದೂ ಕಳವೇ" ಎಂದು
ಸೀಮೆಸುಣ್ಣ ಕೆಳಗಿಟ್ಟಳು.

ಆಮೇಲೆ ಶವಾಸನ. ಅಂಗೈ ಮಾಡಿನ ಕಡೆಗೆ.
"ಪಾದ ಸಡಿಲ… ಮಂಡಿ ಸಡಿಲ… ಯಾವ ಯೋಚನೆ ಬಂದರೂ
ಹತ್ತಲಿ, ಇಳಿಯಲಿ. ನೀವು ಹಿಡಿಯಬೇಡಿ."
ಹತ್ತಿದಳು ಒಬ್ಬಳು.
ತೊಂಬತ್ತೇಳನೇ ಇಸವಿಯ ಆಟಿ ತಿಂಗಳು, ಕಂಕನಾಡಿ ಆಸ್ಪತ್ರೆ ಸ್ಟಾಪು,
ಒಂದು ಕೈಯಲ್ಲಿ ಗಂಜಿಯ ತೂಕುಪಾತ್ರೆ,
ಇನ್ನೊಂದರಲ್ಲಿ ಒದ್ದೆ ಟಿಕೆಟು,
ಅದರ ಹಿಂದೆ ನನ್ನದೇ ಅಕ್ಷರ: ಬಾಕಿ ನಲವತ್ತೇಳು.
ಐವತ್ತರ ನೋಟು ಕೊಟ್ಟಿದ್ದಳು.
"ಚಿಲ್ಲರೆ ಇಲ್ಲ, ಇಳಿಯುವಾಗ" ಎಂದಿದ್ದೆ.
ಇಳಿದಳು. ಕೈ ಚಾಚಿದಳು.
ಬ್ಯಾಗಿನಲ್ಲಿ ಇತ್ತು.
ಎರಡು ಸೀಟಿ ಊದಿದೆ.

ಆ ಕೈ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಹೋದದ್ದನ್ನು
ಆ ಹೊತ್ತು ನೋಡಿರಲಿಲ್ಲ.
ಈಗ, ಕಣ್ಣು ಮುಚ್ಚಿ, ನೋಡಿದೆ.

ಸುತ್ತ ಹದಿನಾಲ್ಕು ಜನ ಹೆಣದಂತೆ ಬಿದ್ದಿದ್ದಾರೆ,
ರಿಟೈರ್ಡ್ ಹೆಡ್‌ಮಾಷ್ಟ್ರದ್ದು ಗೊರಕೆ.
ನನ್ನ ಅಂಗೈಯೂ ಹಾಗೆಯೇ ತೆರೆದುಕೊಂಡಿದೆ,
ಅವಳದರ ಹಾಗೆ, ಖಾಲಿ.

ಟೀಚರ್ ಬಂದು ಎಡಹೆಗಲು ಮುಟ್ಟಿದಳು.
"ಇಲ್ಲಿ ಬಿಡಬೇಕು" ಎಂದಳು ಮೆಲ್ಲಗೆ.
ಬಿಡುವುದು ಆಮೇಲೆ ಟೀಚರ್,
ಮೊದಲು ಕೊಡುವುದುಂಟು.
ಹೇಳಲಿಲ್ಲ. ಹೆಣ ಮಾತಾಡಬಾರದು.

ಹೊರಗೆ ಮೊದಲ ಬಸ್ಸಿನ ಎರಡು ಸೀಟಿ.
ಹೊಸ ಹುಡುಗ.
ಊದುವ ರಭಸದಲ್ಲೇ ಗೊತ್ತಾಗುತ್ತದೆ.